ನಮ್ಮ ಟಿವಿ ವಿಡಿಯೋ ಗೇಮ್‌ಗಳ ಮೂಲ ಹುಡುಕ್ತಾ ಜಪಾನಿನ ಹಳೇ ಮ್ಯಾಗಜೀನ್‌ಗಳ ಒಳಗೆ

90ರ ದಶಕದಲ್ಲಿ ಮನೇಲಿ ಟಿವಿ ವಿಡಿಯೋ ಗೇಮ್ ಇದ್ದ ಯಾರನ್ನ ಕೇಳಿದ್ರೂ ಮಾರಿಯೋ, ಕಾಂಟ್ರಾ ಆದ್ಮೇಲೆ ಬರೋ ಹೆಸರುಗಳು ಹೆಚ್ಚುಕಮ್ಮಿ ಇವೇ: ಟ್ಯಾಂಕ್ ಗೇಮ್ (ನಿಜವಾದ ಹೆಸರು ಬ್ಯಾಟಲ್ ಸಿಟಿ), ರೋಡ್ ಫೈಟರ್ ಕಾರ್ ಗೇಮ್, ಸಿಂಹದ ಮೇಲೆ ಕೂತು ಬೆಂಕಿ ರಿಂಗ್ ಹಾರೋ ಸರ್ಕಸ್, ಎರಡು ಪೆಂಗ್ವಿನ್ ಒಂದಕ್ಕೊಂದು ಉಲ್ಟಾ ಓಡೋ ಬೈನರಿ ಲ್ಯಾಂಡ್. ಈಗ ಇವುಗಳ ಹಿಸ್ಟರಿ ತಿಳ್ಕೋಬೇಕು ಅಂತ ಇಂಗ್ಲಿಷ್‌ನಲ್ಲಿ ಹುಡುಕಿದ್ರೆ ಎಲ್ಲಾ ಕಡೆ ಒಂದೇ ಕಥೆ ಸಿಗುತ್ತೆ, 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರ್ಕೆಟ್ ನೆಲಕಚ್ಚಿತು, 1985ರಲ್ಲಿ ನಿಂಟೆಂಡೋ ಎನ್‌ಇಎಸ್ ಅನ್ನೋ ಗೇಮ್ ಮಷೀನ್ ತಂದು ಅದನ್ನ ಎತ್ತಿ ನಿಲ್ಲಿಸ್ತು ಅಂತ. ಆ ಕಥೆಯಲ್ಲಿ ನಮ್ಮ ಟ್ಯಾಂಕ್ ಗೇಮ್ ಬರೋದೇ ಇಲ್ಲ, ಯಾಕಂದ್ರೆ ಬ್ಯಾಟಲ್ ಸಿಟಿ ಆಗಲಿ ರೋಡ್ ಫೈಟರ್ ಆಗಲಿ ಸರ್ಕಸ್ ಚಾರ್ಲಿ ಆಗಲಿ ಆ ಕಾಲದಲ್ಲಿ ಅಮೆರಿಕದ ಎನ್‌ಇಎಸ್‌ಗೆ ಬರಲೇ ಇಲ್ಲ. 1988ರಲ್ಲಿ ಶುರುವಾದ ನಿಂಟೆಂಡೋ ಪವರ್ ಮ್ಯಾಗಜೀನ್ ಪುಟ ತಿರುವಿ ಹಾಕಿದ್ರೂ ಅಲ್ಲಿ ಇವು ಸಿಗಲ್ಲ.

ಸಿಗೋದು ಜಪಾನಿನ ಮ್ಯಾಗಜೀನ್‌ಗಳಲ್ಲಿ. ನಮ್ಮ ಅಂಗಡಿಗಳಲ್ಲಿ ಮಾರ್ತಿದ್ದ ಮಷೀನ್‌ಗಳಲ್ಲಿ ಬಹಳಷ್ಟು ನಿಂಟೆಂಡೋ ಜಪಾನಿನಲ್ಲಿ ಮಾರ್ತಿದ್ದ ಫ್ಯಾಮಿಲಿ ಕಂಪ್ಯೂಟರ್, ಅಂದ್ರೆ ಫ್ಯಾಮಿಕಾಮ್‌ನ ನಕಲುಗಳು (ಅಮೆರಿಕದಲ್ಲಿ ಎನ್‌ಇಎಸ್ ಆಗಿ ಬಂದಿದ್ದು ಇದೇ), ಹಾಕ್ತಿದ್ದ ಕ್ಯಾಸೆಟ್ ಕೂಡ ಜಪಾನಿನ 60 ಪಿನ್ ಅಳತೆದು, ಅಮೆರಿಕದ 72 ಪಿನ್‌ದಲ್ಲ. ಇನ್ನೊಂದು ಕಾರಣ ಗೇಮ್‌ನ ಸೈಜು. ಫ್ಯಾಮಿಕಾಮ್‌ನ ಮೊದಲ ಎರಡು ಮೂರು ವರ್ಷದ ಗೇಮ್‌ಗಳು ಎಕ್ಸ್‌ಟ್ರಾ ಚಿಪ್ ಏನೂ ಇಲ್ಲದೆ ಓಡ್ತಿದ್ವು, ಬ್ಯಾಟಲ್ ಸಿಟಿ ಬರೀ 24 ಕೆಬಿ, ಸೂಪರ್ ಮಾರಿಯೋ 40 ಕೆಬಿ, ಹಾಗಾಗಿ ನಕಲಿ ಕ್ಯಾಸೆಟ್ ಮಾಡೋರಿಗೆ ಒಂದೇ ಬೋರ್ಡಿನಲ್ಲಿ ಹತ್ತಾರು ಗೇಮ್ ತುಂಬೋದು ಸಲೀಸಾಯ್ತು, 9999 ಗೇಮ್ ಅಂತ ಸ್ಟಿಕ್ಕರ್ ಅಂಟಿಸಿದ ಕ್ಯಾಸೆಟ್‌ನಲ್ಲಿ ಇದ್ದಿದ್ದು ಹೆಚ್ಚಾಗಿ 1984, 85, 86ರ ಜಪಾನ್. ನಾವು ಹತ್ತು ವರ್ಷ ತಡವಾಗಿ, ಮ್ಯಾನುಯಲ್ ಇಲ್ಲದೆ, ಕಂಪನಿ ಹೆಸರು ಅಳಿಸಿದ ಸ್ಥಿತಿಯಲ್ಲಿ ಆ ಜಪಾನನ್ನ ಆಡ್ತಿದ್ವಿ. ಆ ಹೆಸರು, ಆ ತಾರೀಖು, ಆ ಜನ ಎಲ್ಲಾ ಪ್ರಿಂಟ್ ಆಗಿ ಉಳಿದಿರೋ ಜಾಗ ಅಂದ್ರೆ ಈ ಮ್ಯಾಗಜೀನ್‌ಗಳು, ಹಾಗಾಗಿ ಇವುಗಳನ್ನ ಹೇಗೆ ಓದೋದು, ಎಲ್ಲಿ ನಂಬೋದು, ಎಲ್ಲಿ ನಂಬಬಾರದು ಅನ್ನೋದನ್ನ ಸ್ವಲ್ಪ ನಿಧಾನಕ್ಕೆ ಬಿಡಿಸಿ ಹೇಳ್ತೀನಿ.

ಮೊದಲು ಒಂದು ವಿಷಯ ಸ್ಪಷ್ಟ ಆಗ್ಲಿ. ಫ್ಯಾಮಿಕಾಮ್ ಮಾರಾಟಕ್ಕೆ ಬಂದಿದ್ದು 1983 ಜುಲೈ 15, ಬೆಲೆ 14,800 ಯೆನ್, ಅದೇ ದಿನ ಸೆಗಾ ಕಂಪನಿ ಕೂಡ ಎಸ್‌ಜಿ-1000 ಅಂತ ತನ್ನ ಮೊದಲ ಕನ್ಸೋಲ್, ಅಂದ್ರೆ ಟಿವಿಗೆ ಹಾಕೋ ಗೇಮ್ ಮಷೀನ್ ಬಿಟ್ಟಿತು, ಅದು 15,000 ಯೆನ್. ಆದ್ರೆ ಆ ದಿನ ಇದನ್ನ ವರದಿ ಮಾಡೋಕೆ ಕನ್ಸೋಲ್ ಮ್ಯಾಗಜೀನ್ ಅಂತ ಒಂದೂ ಇರ್ಲಿಲ್ಲ. ಇದ್ದಿದ್ದು ಕಂಪ್ಯೂಟರ್ ಮ್ಯಾಗಜೀನ್‌ಗಳು, ಲಾಗಿನ್, ಟೆಕ್ನೊಪೊಲಿಸ್, ಮೈಕಾಮ್ ಬೇಸಿಕ್ ಮ್ಯಾಗಜೀನ್ ತರದವು. ಮೈಕಾಮ್ ಬೇಸಿಕ್‌ನಲ್ಲಂತೂ ಓದುಗರು ಕಳಿಸಿದ ಪ್ರೋಗ್ರಾಮ್‌ಗಳನ್ನ ಸಾಲು ಸಾಲಾಗಿ ಅಚ್ಚು ಹಾಕೋರು, ಮನೇಲಿ ಕೂತು ಅಷ್ಟನ್ನೂ ಟೈಪ್ ಮಾಡಿದ್ರೆ ಗೇಮ್ ಓಡೋದು. ಅಂದ್ರೆ ಗೇಮ್ ಬಗ್ಗೆ ಬರೆಯೋರು, ಓದೋರು ಇಬ್ಬರೂ ಸ್ವಲ್ಪ ಮಟ್ಟಿಗೆ ಗೇಮ್ ಮಾಡೋರೇ ಆಗಿದ್ರು, ಆ ಗುಣ ಮುಂದೆ ಬಂದ ಮ್ಯಾಗಜೀನ್‌ಗಳಿಗೂ ಇಳೀತು.

1984ರ ಕೊನೆಗೆ ಬೀಪ್ ಅಂತ ಒಂದು ಮ್ಯಾಗಜೀನ್ ಬಂತು, ಬರೀ ಗೇಮ್‌ಗೇ ಮೀಸಲಾದ ಮೊದಲನೆಯವುಗಳಲ್ಲಿ ಅದೂ ಒಂದು, ಕೆಲವು ಸಂಚಿಕೆ ಜೊತೆ ಗೇಮ್ ಮ್ಯೂಸಿಕ್ ತುಂಬಿದ ತೆಳ್ಳನೆ ಪ್ಲಾಸ್ಟಿಕ್ ರೆಕಾರ್ಡ್ ಕೂಡ ಕೊಡೋರು. ಅದನ್ನ ಪ್ರಕಟಿಸ್ತಿದ್ದ ಕಂಪನಿ ಸಾಫ್ಟ್‌ಬ್ಯಾಂಕ್. ಹೌದು, ಮುಂದೆ ನಮ್ಮ ಫ್ಲಿಪ್‌ಕಾರ್ಟ್, ಓಲಾಗೆಲ್ಲ ದುಡ್ಡು ಹಾಕಿದ ಅದೇ ಸಾಫ್ಟ್‌ಬ್ಯಾಂಕ್, 80ರ ದಶಕದಲ್ಲಿ ಅವರು ಸಾಫ್ಟ್‌ವೇರ್ ಹಂಚಿಕೆ ಜೊತೆ ಮ್ಯಾಗಜೀನ್ ವ್ಯಾಪಾರದಲ್ಲಿದ್ರು. ಆಮೇಲೆ 1985 ಜುಲೈನಲ್ಲಿ ತೊಕುಮಾ ಶೊತೆನ್ ಪ್ರಕಾಶನದವರು ಟೆಕ್ನೊಪೊಲಿಸ್‌ನಿಂದ ಕವಲೊಡೆದ ಫ್ಯಾಮಿಲಿ ಕಂಪ್ಯೂಟರ್ ಮ್ಯಾಗಜೀನ್ ಶುರು ಮಾಡಿದ್ರು, ಎಲ್ಲರೂ ಚಿಕ್ಕದಾಗಿ ಫ್ಯಾಮಿಮಾಗಾ ಅಂತಿದ್ರು. ಫ್ಯಾಮಿಕಾಮ್‌ಗೇ ಅಂತ ಬಂದ ಮೊದಲ ಪತ್ರಿಕೆ ಅದು. ಮಾರನೇ ವರ್ಷ ಲಾಗಿನ್‌ನಲ್ಲಿ ಒಂದು ಅಂಕಣವಾಗಿದ್ದ ಫ್ಯಾಮಿಕಾಮ್ ತ್ಸೂಶಿನ್ ಬೇರೆ ಮನೆ ಮಾಡ್ತು, ಅದೇ ಇವತ್ತಿಗೂ ನಡೀತಿರೋ ಫ್ಯಾಮಿತ್ಸು. ಅದೇ ವರ್ಷ ಕಾದೊಕಾವಾದವರ ಮಾರುಕಾತ್ಸು ಫ್ಯಾಮಿಕಾಮ್ ಕೂಡ ಬಂತು, ಇನ್ನೂ ಬೇರೆಯವೂ ಬಂದ್ವು, ಎಲ್ಲಾ ಹೆಸರು ಹೇಳ್ತಾ ಹೋದ್ರೆ ಇಲ್ಲೇ ಮುಗಿದೋಗುತ್ತೆ.

ಈ ರಾಶಿಯನ್ನ ಓದೋಕೆ ಕೂತವರು ಮೊದಲು ಎಡವೋದು ತಾರೀಖಿನಲ್ಲಿ. ಫ್ಯಾಮಿತ್ಸು ಮೊದಲ ಸಂಚಿಕೆ ಮುಖಪುಟದಲ್ಲಿ ಇರೋದು 1986 ಜೂನ್ 20, ಅಂಗಡಿಗೆ ಬಂದಿದ್ದು ಜೂನ್ 6. ಮುಖಪುಟದ ತಾರೀಖು ಯಾವಾಗ್ಲೂ ಮುಂದಿರುತ್ತೆ, ತಿಂಗಳ ಪತ್ರಿಕೆಯಾದ್ರೆ ಇನ್ನೂ ಮುಂದೆ, ಅದರ ಒಳಗಿನ ಬರಹ ಅದಕ್ಕಿಂತ ಕೆಲವು ವಾರ ಹಿಂದೆ ಬರೆದಿದ್ದು. ಹಾಗಾಗಿ ಜೂನ್ ಸಂಚಿಕೆಯಲ್ಲಿ ಇದೆ ಅಂದ ಮಾತ್ರಕ್ಕೆ ಜೂನ್‌ನಲ್ಲಿ ನಡೀತು ಅಂತ ಬರೆದುಬಿಟ್ರೆ ತಪ್ಪಾಗುತ್ತೆ, ಇಂಟರ್ನೆಟ್‌ನಲ್ಲಿ ಓಡಾಡೋ ಎಷ್ಟೋ ರಿಲೀಸ್ ಡೇಟ್ ಗೊಂದಲದ ಮೂಲ ಇದೇ. ಕೆಲವು ಕಡೆ ವರ್ಷವನ್ನ ಜಪಾನಿನ ಚಕ್ರವರ್ತಿಗಳ ಆಳ್ವಿಕೆ ಲೆಕ್ಕದಲ್ಲಿ ಶೋವಾ 60 ಅಂತ ಹಾಕಿರ್ತಾರೆ, ಅದು 1985. ಹೇಯ್ಸೇ 1 ಅಂದ್ರೆ 1989.

ತಾರೀಖು ಸರಿಯಾಗಿ ಹಿಡಿದ್ರೆ ಏನು ಸಿಗುತ್ತೆ ನೋಡಿ. ನಾಮ್ಕೊ ಕಂಪನಿಯ ಬ್ಯಾಟಲ್ ಸಿಟಿ ಬಂದಿದ್ದು 1985 ಸೆಪ್ಟೆಂಬರ್‌ನಲ್ಲಿ, ಅದೇ ತಿಂಗಳು 13ಕ್ಕೆ ಸೂಪರ್ ಮಾರಿಯೋ ಬ್ರದರ್ಸ್ ಬಂತು. ಅಂದ್ರೆ ನಮ್ಮಲ್ಲಿ ಒಂದೇ ಕ್ಯಾಸೆಟ್‌ನಲ್ಲಿ ಅಕ್ಕಪಕ್ಕ ಕೂತಿದ್ದ ಈ ಎರಡು ಗೇಮ್ ಹುಟ್ಟಿದ್ದೂ ಅಕ್ಕಪಕ್ಕದಲ್ಲೇ! ನನಗೆ ಇದು ಗೊತ್ತಾದಾಗ ಆದ ಖುಷಿ ಇನ್ನೂ ಹೋಗಿಲ್ಲ.

ಹಿಸ್ಟರಿ ಹುಡುಕೋರಿಗೆ ನಾನು ಮೊದಲು ತೆಗೀರಿ ಅನ್ನೋ ಪುಟ ಕಲರ್ ಪುಟ ಅಲ್ಲ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇರೋ ರಿಲೀಸ್ ಪಟ್ಟಿ. ಗೇಮ್ ಹೆಸರು, ಕಂಪನಿ, ಬೆಲೆ, ಯಾವಾಗ ಬರುತ್ತೆ ಅನ್ನೋದು, ಇಷ್ಟೇ. ಆದ್ರೆ ಒಂದು ಗೇಮ್‌ನ ಹೆಸರನ್ನ ಸಂಚಿಕೆಯಿಂದ ಸಂಚಿಕೆಗೆ ಹಿಂಬಾಲಿಸಿ, ಮೊದಲು ಮಾರ್ಚ್ ಅಂತಿರುತ್ತೆ, ಆಮೇಲೆ ಬೇಸಿಗೆ ಅಂತಾಗುತ್ತೆ, ಆಮೇಲೆ ತಾರೀಖು ನಿಗದಿಯಾಗಿಲ್ಲ ಅಂತ, ಒಂದಿನ ಸದ್ದಿಲ್ಲದೆ ಪಟ್ಟಿಯಿಂದ ಮಾಯ. ರದ್ದಾದ ಗೇಮ್‌ಗಳ ಬಗ್ಗೆ ಕಂಪನಿಗಳು ಸಾಮಾನ್ಯವಾಗಿ ಏನೂ ಹೇಳ್ತಿರ್ಲಿಲ್ಲ, ಎಷ್ಟೋ ಗೇಮ್‌ಗೆ ಇರೋ ಸಾಕ್ಷಿ ಈ ಒಂದು ಸಾಲು ಅಷ್ಟೇ.

ಕನ್ಸೋಲ್ ವಿಷಯಕ್ಕೂ ಇದೇ ರೀತಿ. 1988ರ ಅಕ್ಟೋಬರ್, ನವೆಂಬರ್ ಸಂಚಿಕೆಗಳನ್ನ ತಗೊಳ್ಳಿ, ಈ ಎರಡು ತಿಂಗಳು ನನಗೆ ಇಡೀ ಕನ್ಸೋಲ್ ಚರಿತ್ರೆಯಲ್ಲೇ ತುಂಬಾ ಇಷ್ಟ. ಅಕ್ಟೋಬರ್ 23ಕ್ಕೆ ಫ್ಯಾಮಿಕಾಮ್‌ಗೆ ಸೂಪರ್ ಮಾರಿಯೋ 3 ಬಂತು. ಆರು ದಿನ ಬಿಟ್ಟು 29ಕ್ಕೆ ಸೆಗಾ ತನ್ನ 16 ಬಿಟ್ ಮೆಗಾ ಡ್ರೈವ್ ಇಳಿಸ್ತು, 21,000 ಯೆನ್. ನವೆಂಬರ್ 21ಕ್ಕೆ ನಿಂಟೆಂಡೋ ಪತ್ರಕರ್ತರನ್ನ ಕರೆದು ಫ್ಯಾಮಿಕಾಮ್‌ನ ಮುಂದಿನ ಮಷೀನ್ ಸೂಪರ್ ಫ್ಯಾಮಿಕಾಮ್ ತೋರಿಸ್ತು. ಆವತ್ತಿನ ಫೋಟೋಗಳಲ್ಲಿರೋ ಮಷೀನು ಆಮೇಲೆ ಬಂದ ಮಷೀನ್ ತರ ಕಾಣೋದೇ ಇಲ್ಲ, ಕಂಟ್ರೋಲರ್ ಬಟನ್‌ಗಳ ಬಣ್ಣ ಕೂಡ ಬೇರೆ. ಡಿಸೆಂಬರ್ 4ಕ್ಕೆ ಪಿಸಿ ಎಂಜಿನ್ ಅನ್ನೋ ಇನ್ನೊಂದು ಕನ್ಸೋಲ್‌ಗೆ ಸಿಡಿ-ರಾಮ್ ಡ್ರೈವ್ ಬಂತು. ಈಗ ಆ ಸಂಚಿಕೆ ಕೈಯಲ್ಲಿ ಹಿಡಿದ ಹೈಸ್ಕೂಲ್ ಹುಡುಗನ ಜಾಗದಲ್ಲಿ ಕೂತು ಯೋಚ್ನೆ ಮಾಡಿ, ದುಡ್ಡು ಇರೋದು ಒಂದು ಮಷೀನ್‌ಗೆ, ಮೆಗಾ ಡ್ರೈವ್ ಅಂಗಡಿಯಲ್ಲಿದೆ, ಸೂಪರ್ ಫ್ಯಾಮಿಕಾಮ್ ಫೋಟೋದಲ್ಲಿದೆ, ಕಾಯ್ಬೇಕಾ ಕೊಳ್ಬೇಕಾ? ಸೂಪರ್ ಫ್ಯಾಮಿಕಾಮ್ ಕೈಗೆ ಸಿಕ್ಕಿದ್ದು 1990 ನವೆಂಬರ್ 21ಕ್ಕೆ, ಫೋಟೋ ತೋರಿಸಿ ಸರಿಯಾಗಿ ಎರಡು ವರ್ಷಕ್ಕೆ, 25,000 ಯೆನ್‌ಗೆ. ಸೆಗಾದ ಮಷೀನ್ ಬಂದು ಒಂದು ತಿಂಗಳೂ ಆಗದೆ ನಿಂಟೆಂಡೋ ಯಾಕೆ ಫೋಟೋ ತೋರಿಸ್ತು ಅನ್ನೋದಕ್ಕೆ ಬೇರೆ ವಿವರಣೆ ಬೇಕಿಲ್ಲ. ಇವತ್ತಿನ ಲೇಖನಗಳಲ್ಲಿ ಜಪಾನಿನಲ್ಲಿ ಮೆಗಾ ಡ್ರೈವ್ ಸೋತಿತು ಅಂತ ಒಂದೇ ಸಾಲು ಇರುತ್ತೆ, ಮ್ಯಾಗಜೀನ್‌ನಲ್ಲಿ ಆ ಸೋಲು ಇನ್ನೂ ಆಗಿಲ್ಲ, ಅಲ್ಲಿ ಯಾರಿಗೂ ಮುಂದೇನಾಗುತ್ತೆ ಅಂತ ಗೊತ್ತಿಲ್ಲ, ಈ ಪತ್ರಿಕೆಗಳ ನಿಜವಾದ ಬೆಲೆ ಇರೋದು ಅಲ್ಲೇ ಅಂತ ನನ್ನ ನಂಬಿಕೆ.

ಜಾಹೀರಾತು ಪುಟಗಳಲ್ಲೂ ಇದೇ ತರ ಯುದ್ಧ ಕಾಣುತ್ತೆ. 1994 ನವೆಂಬರ್ 22ಕ್ಕೆ ಸೆಗಾ ಸ್ಯಾಟರ್ನ್ 44,800 ಯೆನ್, ಡಿಸೆಂಬರ್ 3ಕ್ಕೆ ಪ್ಲೇಸ್ಟೇಷನ್ 39,800. 1996 ಮಾರ್ಚ್‌ಗೆ ಸ್ಯಾಟರ್ನ್ 20,000ಕ್ಕೆ ಇಳೀತು, ಜೂನ್‌ಗೆ ಪ್ಲೇಸ್ಟೇಷನ್ 19,800. ಒಂದೂವರೆ ವರ್ಷದಲ್ಲಿ ಬೆಲೆ ಅರ್ಧಕ್ಕೆ.

ಇನ್ನು ಫೋಟೋ ವಿಷಯ. ಆಗ ಸ್ಕ್ರೀನ್‌ಶಾಟ್ ಅನ್ನೋ ಬಟನ್ ಇರ್ಲಿಲ್ಲ, ರೂಮು ಕತ್ತಲೆ ಮಾಡಿ ಟಿವಿ ಮುಂದೆ ಕ್ಯಾಮೆರಾ ನಿಲ್ಲಿಸಿ ಫಿಲ್ಮ್‌ನಲ್ಲಿ ಫೋಟೋ ತೆಗೀತಿದ್ರು, ಅದಕ್ಕೇ 80ರ ದಶಕದ ಪುಟಗಳಲ್ಲಿ ಚಿತ್ರದ ಅಂಚು ಉಬ್ಬಿರುತ್ತೆ, ಗೆರೆ ಗೆರೆ ಕಾಣುತ್ತೆ. ಇಡೀ ಸ್ಟೇಜಿನ ಮ್ಯಾಪ್ ಹಾಕ್ಬೇಕಂದ್ರೆ ಸ್ವಲ್ಪ ಸ್ವಲ್ಪ ಮುಂದೆ ಹೋಗಿ ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಕತ್ತರಿಸಿ ಅಂಟಿಸ್ಬೇಕು. ಆ ಶ್ರಮಕ್ಕೆ ಫಲ ಕೂಡ ಸಿಕ್ತು, ತೊಕುಮಾದವರು ತಂದ ಸೂಪರ್ ಮಾರಿಯೋ ಗೈಡ್ ಪುಸ್ತಕ 1985ರಲ್ಲಿ ಜಪಾನಿನ ಬೆಸ್ಟ್ ಸೆಲ್ಲರ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು, ಕಾದಂಬರಿ ಗೀದಂಬರಿ ಎಲ್ಲಾ ಹಿಂದೆ ಹಾಕಿ. ಇನ್ನೊಂದು ಗಮನಿಸಿ, ರಿಲೀಸ್‌ಗೆ ಮುಂಚೆ ಅಚ್ಚಾದ ಫೋಟೋಗಳು ತಯಾರಾಗ್ತಿರೋ ಗೇಮ್‌ದು, ಫೈನಲ್ ಕ್ಯಾಸೆಟ್‌ನಲ್ಲಿ ಇಲ್ಲದ ಶತ್ರು, ಬೇರೆ ಬಣ್ಣ, ಬೇರೆ ಸ್ಕೋರ್ ಬಾರ್ ಅಲ್ಲಿ ಕಾಣ್ಬಹುದು.

ಈಗ ಗುಟ್ಟಿನ ಟ್ರಿಕ್‌ಗಳಿಗೆ ಬರೋಣ, ಉರಾವಾಜಾ ಅಂತಾರೆ. ಈ ಪತ್ರಿಕೆಗಳ ಜೀವಾಳ ಇದು, ಓದುಗರು ಪತ್ರ ಬರೆದು ಕಳಿಸೋರು, ಸಂಪಾದಕರು ಆಡಿ ನೋಡಿ ಹಾಕೋರು. ಒಂದನ್ನ ಹತ್ತಿರದಿಂದ ನೋಡೋಣ. ಸೂಪರ್ ಮಾರಿಯೋ ಕ್ಯಾಸೆಟ್ ಹಾಕಿ ಆಡಿ, ಪವರ್ ಆಫ್ ಮಾಡದೇ ಕ್ಯಾಸೆಟ್ ಕಿತ್ತು ಟೆನಿಸ್ ಕ್ಯಾಸೆಟ್ ಹಾಕಿ, ರಿಸೆಟ್ ಒತ್ತಿ ಟೆನಿಸ್‌ನಲ್ಲಿ ಸ್ವಲ್ಪ ಓಡಾಡಿ, ಮತ್ತೆ ಪವರ್ ಆನ್ ಇರೋವಾಗ್ಲೇ ಕಿತ್ತು ಮಾರಿಯೋ ಹಾಕಿ ರಿಸೆಟ್ ಒತ್ತಿ, ಎ ಬಟನ್ ಹಿಡ್ಕೊಂಡು ಸ್ಟಾರ್ಟ್ ಕೊಟ್ರೆ 1ರಿಂದ 8 ಅಲ್ಲದ ಯಾವುದೋ ವಿಚಿತ್ರ ವರ್ಲ್ಡ್ ಶುರುವಾಗುತ್ತೆ, ನೀರಿನ ಕೋಟೆ, ಅರ್ಥವಿಲ್ಲದ ಬಣ್ಣಗಳು, ಹೀಗೆ. ಮಷೀನು ಹಾಳಾಗೋ ಅಪಾಯ ಇರೋ ಕೆಲಸ, ಆದ್ರೂ ಜಪಾನಿನ ಮಕ್ಕಳ ಬಾಯಲ್ಲಿ ಇದು 256 ವರ್ಲ್ಡ್ ಅಂತ ಹೆಸರಾಯ್ತು.

ಇದು ಹೇಗೆ ಸಾಧ್ಯ? ಫ್ಯಾಮಿಕಾಮ್ ಒಳಗಿರೋ ಕೆಲಸದ ಮೆಮೊರಿ ಬರೀ 2 ಕೆಬಿ, ಕ್ಯಾಸೆಟ್ ಕಿತ್ರೂ ಪವರ್ ಇರೋವರೆಗೂ ಅದರಲ್ಲಿ ಬರೆದಿದ್ದು ಹಾಗೇ ಇರುತ್ತೆ. ಮಾರಿಯೋ ಗೇಮ್ ಓವರ್ ಆದಾಗ ಯಾವ ವರ್ಲ್ಡ್‌ನಲ್ಲಿ ಇದ್ರಿ ಅನ್ನೋ ನಂಬರ್ ಆ ಮೆಮೊರಿಯ ಒಂದು ಮೂಲೆಯಲ್ಲಿ ಇಟ್ಕೊಳ್ಳುತ್ತೆ, ಎ ಹಿಡಿದು ಸ್ಟಾರ್ಟ್ ಕೊಟ್ರೆ ಅಲ್ಲಿಂದಲೇ ಶುರು. ಟೆನಿಸ್ ಗೇಮ್ ಓಡುವಾಗ ಅದೇ ಜಾಗಕ್ಕೆ ತನ್ನ ಲೆಕ್ಕ ಬರೆಯುತ್ತೆ, ಆಟಗಾರ ಎಷ್ಟು ಹೆಜ್ಜೆ ಇಟ್ಟ ಅನ್ನೋದರ ಮೇಲೆ ಅಲ್ಲಿನ ನಂಬರ್ ಬದಲಾಗ್ತಾ ಹೋಗುತ್ತೆ. ಮಾರಿಯೋ ವಾಪಸ್ ಬಂದಾಗ ಪವರ್ ಹೋಗಿತ್ತಾ ಇಲ್ವಾ ಅಂತ ಬೇರೆ ಕೆಲವು ಜಾಗ ಚೆಕ್ ಮಾಡುತ್ತೆ, ಅವನ್ನ ಟೆನಿಸ್ ಮುಟ್ಟಿರಲ್ಲ, ಹಾಗಾಗಿ ಎಲ್ಲಾ ಸರಿ ಇದೆ ಅಂದ್ಕೊಂಡು ಆ ಹೆಜ್ಜೆ ನಂಬರನ್ನೇ ವರ್ಲ್ಡ್ ನಂಬರ್ ಅಂತ ಓದುತ್ತೆ. ಒಂದು ಬೈಟ್‌ನಲ್ಲಿ 0ಯಿಂದ 255ರ ತನಕ ಹಿಡಿಸುತ್ತೆ, ಅದಕ್ಕೇ 256. ಮಕ್ಕಳು ತಮಗೆ ಗೊತ್ತಿಲ್ಲದೇ ಮಷೀನಿನ ಮೆಮೊರಿ ಮ್ಯಾಪ್ ಕಂಡುಹಿಡೀತಿದ್ರು, ಪತ್ರಿಕೆ ಅದನ್ನ ಹಂಚ್ತಿತ್ತು. ಪ್ರೋಗ್ರಾಮಿಂಗ್ ಬಗ್ಗೆ ಒಂದಕ್ಷರ ಓದದ ಮಕ್ಕಳು ಇಲ್ಲಿವರೆಗೆ ಹೋದ್ರು ಅನ್ನೋದು ನನಗಂತೂ ದೊಡ್ಡ ವಿಷಯ.

ಆದ್ರೆ ಹುಷಾರು, ಫ್ಯಾಮಿಮಾಗಾದಲ್ಲಿ ಟ್ರಿಕ್‌ಗಳ ಪುಟದ ಹೆಸರೇ 50+1, ಐವತ್ತರ ಮಧ್ಯೆ ಒಂದು ಬೇಕಂತಲೇ ಸೇರಿಸಿದ ಸುಳ್ಳು, ಓದುಗರು ಅದನ್ನ ಕಂಡುಹಿಡಿಯೋದೇ ಸ್ಪರ್ಧೆ. ಸುಳ್ಳಿಗೆ ತಕ್ಕಂತೆ ಫೋಟೋ ಕೂಡ ತಯಾರು ಮಾಡಿ ಹಾಕೋರು. ಸ್ಕ್ವೇರ್ ಕಂಪನಿಯ ಸುಯ್ಶೊ ನೊ ಡ್ರ್ಯಾಗನ್ ಗೇಮ್ ಬಗ್ಗೆ ಹಾಕಿದ ಒಂದು ಪೋಲಿ ಟ್ರಿಕ್ ಎಷ್ಟು ಹೆಸರಾಯ್ತು ಅಂದ್ರೆ ಈಗ್ಲೂ ಅದನ್ನ ನೆನೆಸ್ಕೊಳ್ಳೋರಿದ್ದಾರೆ. ಉತ್ತರ ಬರೋದು ಮುಂದಿನ ಸಂಚಿಕೆಗಳಲ್ಲಿ, ಹಾಗಾಗಿ ಒಂದೇ ಸಂಚಿಕೆಯ ಸ್ಕ್ಯಾನ್ ಇಟ್ಕೊಂಡು ಇದು ನಿಜ ಅಂತ ಹೇಳೋದು ಅಪಾಯ.

ವಿಮರ್ಶೆಗಳನ್ನ ಓದೋವಾಗ್ಲೂ ಯಾರು ಬರೀತಿದ್ದಾರೆ ಅಂತ ನೋಡ್ಬೇಕು. ಫ್ಯಾಮಿತ್ಸು ಕ್ರಾಸ್ ರಿವ್ಯೂನಲ್ಲಿ ನಾಲ್ಕು ಜನ ತಲಾ 10ಕ್ಕೆ ಅಂಕ ಕೊಡ್ತಾರೆ, ಒಟ್ಟು 40. 1986ರಲ್ಲೇ ಶುರುವಾದ್ರೂ ಮೊದಲ ಬಾರಿ 40ಕ್ಕೆ 40 ಬಿದ್ದಿದ್ದು 1998ರಲ್ಲಿ ಜೆಲ್ಡಾದ ಒಕರಿನಾ ಆಫ್ ಟೈಮ್‌ಗೆ. ಆದ್ರೆ ಪತ್ರಿಕೆ ಬದುಕೋದು ಅದೇ ಕಂಪನಿಗಳ ಜಾಹೀರಾತಿನಿಂದ ಅನ್ನೋದನ್ನ ಮರೀಬಾರದು. ಅದಕ್ಕೇ ಸೆಗಾ ಸ್ಯಾಟರ್ನ್ ಮ್ಯಾಗಜೀನ್‌ನ ಓದುಗರ ರ‍್ಯಾಂಕಿಂಗ್ ನನಗೆ ಹೆಚ್ಚು ಬೆಲೆಯದ್ದು ಅನ್ಸುತ್ತೆ, ಅಲ್ಲಿ ಅಂಕ ಕೊಡೋದು ದುಡ್ಡು ಕೊಟ್ಟು ಕೊಂಡವರು, ಆ ಪಟ್ಟಿಯ ತೀರಾ ಕೊನೇ ಸ್ಥಾನದಲ್ಲಿ ನಿಂತ ಡೆತ್ ಕ್ರಿಮ್ಸನ್ ಗೇಮ್ ಆ ಕಾರಣಕ್ಕೇ ಪ್ರಸಿದ್ಧಿ ಆಯ್ತು.

ಬರೆಯೋರು, ಗೇಮ್ ಮಾಡೋರು, ಪ್ರಚಾರ ಮಾಡೋರು ಒಬ್ಬರೇ ಆಗಿರೋದೂ ಉಂಟು. ಯೂಜಿ ಹೊರಿಯಿ ಶೋನೆನ್ ಜಂಪ್ ಅನ್ನೋ ಕಾಮಿಕ್ ವಾರಪತ್ರಿಕೆಯಲ್ಲಿ ಫ್ಯಾಮಿಕಾಮ್ ಅಂಕಣ ಬರೀತಿದ್ರು, 1986 ಮೇನಲ್ಲಿ ಅವರದ್ದೇ ಡ್ರ್ಯಾಗನ್ ಕ್ವೆಸ್ಟ್ ಬಂತು, ಚಿತ್ರ ಬರೆದಿದ್ದು ಅದೇ ಜಂಪ್‌ನ ಕಾಮಿಕ್ ಕಲಾವಿದ ಅಕಿರಾ ತೊರಿಯಾಮಾ. ಸೆಕೆಂಡಿಗೆ 16 ಸಲ ಬಟನ್ ಒತ್ತೋ ತಕಹಾಶಿ ಮೇಯ್ಜಿನ್ ಮಕ್ಕಳ ಹೀರೋ, ಆದ್ರೆ ಅವರು ಹಡ್ಸನ್ ಅನ್ನೋ ಗೇಮ್ ಕಂಪನಿಯ ಉದ್ಯೋಗಿ ಆಗಿದ್ರು. ಸತೋಶಿ ತಾಜಿರಿ 1983ರಲ್ಲಿ ಕೈಯಲ್ಲೇ ಬರೆದು ಸ್ಟೇಪಲ್ ಹೊಡೆದು ಹಂಚ್ತಿದ್ದ ಪತ್ರಿಕೆ ಹೆಸರು ಗೇಮ್ ಫ್ರೀಕ್, ಅದೇ ಮುಂದೆ ಕಂಪನಿಯಾಗಿ 1996ರಲ್ಲಿ ಪೊಕೆಮಾನ್ ಮಾಡ್ತು.

ಎಷ್ಟು ಅವಸರದಲ್ಲಿ ಅಚ್ಚಾಗ್ತಿತ್ತು ಅನ್ನೋದಕ್ಕೆ ಗೇಮೆಸ್ಟ್ ಅನ್ನೋ ಆರ್ಕೇಡ್ (ಕಾಯಿನ್ ಹಾಕಿ ಆಡೋ ಅಂಗಡಿ ಮಷೀನ್) ಪತ್ರಿಕೆಯ ಒಂದು ತಪ್ಪು ನಮ್ಮವರು ತಿಳ್ಕೊಳ್ಳೇಬೇಕಾದ್ದು. ಸ್ಕಡ್ ರೇಸ್ ಅನ್ನೋ ಕಾರ್ ಗೇಮ್ ಬಗ್ಗೆ ಬರೆದವರು ಸ್ಟೇರಿಂಗ್ ಬಲಕ್ಕೆ ತಿರುಗಿಸಿ ಅಂತ ಕೈಬರಹದಲ್ಲಿ ಕೊಟ್ಟಿದ್ದಾರೆ, ಅಕ್ಷರ ಜೋಡಿಸಿದವರು ಅದನ್ನ ತಪ್ಪಾಗಿ ಓದಿ ಭಾರತೀಯನನ್ನು ಬಲಕ್ಕೆ ಅಂತ ಹಾಕಿದ್ದಾರೆ, ಹಾಗೇ ಪ್ರಿಂಟ್ ಆಗಿ ದೇಶವೆಲ್ಲಾ ಹೋಯ್ತು. ಜಪಾನಿನ ಗೇಮರ್‌ಗಳು ಇವತ್ತಿಗೂ ಆ ಸಾಲು ಹೇಳ್ತಾರೆ. ಪ್ರೂಫ್ ನೋಡೋಕೂ ಟೈಮ್ ಇಲ್ಲದೆ ಹೊರಬಂದ ಪುಟಗಳಲ್ಲಿ ಅಂಕಿಅಂಶ ತಪ್ಪಿರೋ ಸಾಧ್ಯತೆಯೂ ಇದ್ದೇ ಇದೆ, ಎರಡು ಪತ್ರಿಕೆ ಹೋಲಿಸಿ ನೋಡಿದ್ರೆ ಒಳ್ಳೇದು.

ಕೆಲವು ಕಡೆ ಮ್ಯಾಗಜೀನ್ ಬಿಟ್ರೆ ಬೇರೆ ದಾರಿ ಇಲ್ಲ. 1995 ಏಪ್ರಿಲ್‌ನಿಂದ 2000 ಜೂನ್ ತನಕ ಸೂಪರ್ ಫ್ಯಾಮಿಕಾಮ್‌ಗೆ ಸ್ಯಾಟಲಾವ್ಯೂ ಅಂತ ಒಂದು ಸೇವೆ ಇತ್ತು, ಸ್ಯಾಟಲೈಟ್ ಮೂಲಕ ಗೇಮ್ ಪ್ರಸಾರ ಮಾಡೋರು. ಕೆಲವು ಗೇಮ್‌ಗೆ ಆ ಹೊತ್ತಿಗೇ ಸರಿಯಾಗಿ ಧ್ವನಿ ಕೂಡ ರೇಡಿಯೋ ತರ ಬರೋದು, ಡೇಟಾ ಮೆಮೊರಿ ಪ್ಯಾಕ್‌ನಲ್ಲಿ ಉಳಿದ್ರೂ ಧ್ವನಿ ಉಳೀತಿರ್ಲಿಲ್ಲ. ಯಾವ ದಿನ ಎಷ್ಟು ಗಂಟೆಗೆ ಏನು ಪ್ರಸಾರ ಆಯ್ತು ಅನ್ನೋದು ಬೇಕಂದ್ರೆ ಪತ್ರಿಕೆಯಲ್ಲಿ ಬಂದ ವೇಳಾಪಟ್ಟಿಗಳನ್ನೇ ತೆಗೀಬೇಕು.

ಇಷ್ಟೆಲ್ಲಾ ಎಲ್ಲಿ ಸಿಗುತ್ತೆ ಅಂದ್ರೆ, ಟೋಕಿಯೋದ ನ್ಯಾಷನಲ್ ಡಯಟ್ ಲೈಬ್ರರಿ ದೇಶದಲ್ಲಿ ಅಚ್ಚಾದದ್ದನ್ನ ಕಾನೂನು ಪ್ರಕಾರ ಸಂಗ್ರಹಿಸುತ್ತೆ, 2011ರಲ್ಲಿ ಶುರುವಾದ ಗೇಮ್ ಪ್ರಿಸರ್ವೇಶನ್ ಸೊಸೈಟಿ ಗೇಮ್ ಜೊತೆ ಪತ್ರಿಕೆಗಳನ್ನೂ ಕಾಪಾಡ್ತಿದೆ. ಜಿಂಬೊಚೊ ಏರಿಯಾದ ಹಳೇ ಪುಸ್ತಕದಂಗಡಿಗಳು, ನಕಾನೋದ ಮಾಂಡರಾಕೆ ತರದ ಕಡೆ ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಆದ್ರೆ ಜೊತೆಗೆ ಬಂದ ಗೈಡ್, ಪೋಸ್ಟರ್ ಕಿತ್ತು ಹೋಗಿರೋದೇ ಜಾಸ್ತಿ, ಮಕ್ಕಳು ಬಳಸಿದ ಪುಸ್ತಕ ಅಲ್ವಾ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2025ರಲ್ಲಿ ಆನ್‌ಲೈನ್ ಲೈಬ್ರರಿ ತೆರೆದಿದೆ. ಜಪಾನಿನ ಪತ್ರಿಕೆಗಳಿಗೆ ಅಂಥದ್ದು ಮಾಡೋದು ಕಷ್ಟ, ಗೇಮೆಸ್ಟ್ ಪ್ರಕಾಶಕರು 1999ರಲ್ಲೇ ದಿವಾಳಿ ಆದ್ರು, ಬರೆದವರಲ್ಲಿ ಎಷ್ಟೋ ಜನ ಕಾವ್ಯನಾಮದವರು, ಯಾರ ಹತ್ರ ಪರ್ಮಿಷನ್ ಕೇಳೋದು?

ಸ್ಕ್ಯಾನ್ ಸಿಕ್ಕಿದ್ರೆ ಮೊಬೈಲ್ ಟ್ರಾನ್ಸ್‌ಲೇಟರ್ ಸ್ವಲ್ಪ ಸಹಾಯ ಮಾಡುತ್ತೆ, ಆದ್ರೆ ಮೇಲಿಂದ ಕೆಳಗೆ ಬರೆದ ಸಾಲು, ಚಿತ್ರದ ಮೇಲೆ ಹಾಕಿದ ಅಕ್ಷರ ಬಂದಾಗ ತಡವರಿಸುತ್ತೆ. ಅದಕ್ಕಿಂತ ಕತಕಾನಾ ಲಿಪಿ ಕಲಿಯೋದು ವಾಸಿ, ಮೂಲ ಅಕ್ಷರ 46 ಅಷ್ಟೇ, ಗೇಮ್ ಹೆಸರು, ಕಂಪನಿ ಹೆಸರು ಹೆಚ್ಚಾಗಿ ಅದರಲ್ಲೇ ಇರುತ್ತೆ. ನಮಗೆ ಇದು ಬೇಗ ಹತ್ತುತ್ತೆ, ಯಾಕಂದ್ರೆ ಜಪಾನಿನ ಅಕ್ಷರಮಾಲೆಯ ಕ್ರಮ ಬೌದ್ಧ ಭಿಕ್ಷುಗಳ ಮೂಲಕ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವದಿಂದ ಬಂದದ್ದು, ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ, ಹೆಚ್ಚುಕಮ್ಮಿ ಸ್ಕೂಲಲ್ಲಿ ಬಾಯಿಪಾಠ ಮಾಡಿದ ಸಾಲಿನ ಕ್ರಮವೇ. ಅಷ್ಟು ಕಲಿತು 1985ರ ಸಂಚಿಕೆಗಳ ರಿಲೀಸ್ ಪಟ್ಟಿಗಳನ್ನ ತೆಗೀರಿ, ಕೊನಾಮಿ ಹೆಸರಿನ ಪಕ್ಕ ರೋಡ್ ಫೈಟರ್, ಹಡ್ಸನ್ ಪಕ್ಕ ಬೈನರಿ ಲ್ಯಾಂಡ್, ಬೆಲೆ ಸಮೇತ ನೀವೇ ಓದ್ಕೋಬಹುದು.